ಹೊರಗಿನ ಸಿಎಸ್‌ಎಫ್-1 ನಿಲ್ಲಿಸಿದ ಮೇಲೆ

ಸ್ತನ ಕ್ಯಾನ್ಸರ್ ಗಡ್ಡೆಯ ಕೋಶಗಳೂ ರೋಗನಿರೋಧಕ ಕೋಶಗಳಾದ ಮ್ಯಾಕ್ರೊಫೇಜ್‌ಗಳೂ ಹೇಗೆ ಮಾತಾಡಿಕೊಳ್ಳುತ್ತವೆ ಎಂದು ನೋಡಲು ಎರಡನ್ನೂ ಒಟ್ಟಿಗೆ ಬೆಳೆಸಹೊರಟಿದ್ದೆ. ಎಂಡಿಎ-ಎಂಬಿ-231 ಎಂಬ ಆ ಗಡ್ಡೆಯ ಕೋಶಗಳು ಬೆಳೆದ ಮೀಡಿಯಂ (ಪೋಷಕ ದ್ರವ) ತೆಗೆದು ಮ್ಯಾಕ್ರೊಫೇಜ್‌ಗಳ ಮೇಲೆ ಸುರಿದರೆ ಸಾಕು, ಎರಡನ್ನೂ ಒಟ್ಟಿಗೆ ಬೆಳೆಸುವ ಗೋಜು ಏಕೆ ಎಂದು ಪ್ರಯೋಗಾಲಯದಲ್ಲಿ ಎಲ್ಲರೂ ಕೇಳುತ್ತಿದ್ದರು. ಆ ಮೀಡಿಯಂ ಕೊಟ್ಟದ್ದು ಅರೆಬರೆ ಫಲಿತಾಂಶ. ಮ್ಯಾಕ್ರೊಫೇಜ್ ಗಡ್ಡೆಯ ಪರ ವಾಲಿದೆ ಎಂದು ತೋರಿಸುವ ಸಿಡಿ206 ಗುರುತು ಒಮ್ಮೆ ಏರುತ್ತಿತ್ತು, ಇನ್ನೊಮ್ಮೆ ಅಲುಗುತ್ತಲೇ ಇರಲಿಲ್ಲ. ಮ್ಯಾಕ್ರೊಫೇಜ್ ಇಜಿಎಫ್ ಎಂಬ ಸಂಕೇತ ಪ್ರೊಟೀನ್ ಸುರಿಸಿ ಉತ್ತರ ಕೊಟ್ಟರೂ ಕೇಳಿಸಿಕೊಳ್ಳಲು ಅಲ್ಲಿ ಗಡ್ಡೆಯ ಕೋಶವೇ ಇರುವುದಿಲ್ಲವಲ್ಲ!

ಮ್ಯಾಕ್ರೊಫೇಜ್ ಪಡೆಯಲು ಟಿಎಚ್‌ಪಿ-1 ಎಂಬ ಸಿದ್ಧ ಕೋಶಗಳು ಅಗ್ಗ, ನಿಜ. ಆದರೆ ಬಲಿಯಲೆಂದು ಹಾಕುವ ಪಿಎಂಎ ರಾಸಾಯನಿಕ ಅವುಗಳನ್ನು ಮೊದಲೇ ಕೆರಳಿಸಿಬಿಡುತ್ತದೆ. ಹಾಗಾಗಿ ದಾನಿಗಳ ರಕ್ತದಿಂದ ಸಿಡಿ14 ಗುರುತಿನ ಮಾನೊಸೈಟ್‌ಗಳನ್ನು (ಮ್ಯಾಕ್ರೊಫೇಜ್ ಆಗಿ ಬಲಿಯುವ ಬಿಳಿ ರಕ್ತಕೋಶಗಳು) ಬೇರ್ಪಡಿಸಲು ಹೊರಟೆ. ಖರ್ಚು ನಾಲ್ಕೈದು ಪಟ್ಟಾಯಿತು. ಕೋಶ ಬೇರ್ಪಡಿಸುವ ಬೀಡ್‌ಗಳು ಮತ್ತು ಗುರುತುಗಳನ್ನು ಅಳೆಯುವ ಫ್ಲೋ ಆಂಟಿಬಾಡಿಗಳೇ ಆ ವರ್ಷದ ಅನುದಾನದ ಮೂರನೇ ಒಂದು ಪಾಲನ್ನು ನುಂಗಿದವು. ಇಷ್ಟಾದರೂ ತಟ್ಟೆಯಲ್ಲಿ ಗಡ್ಡೆಯ ಕೋಶ ಇರುವ ಬಾವಿಗೂ (ಗುಳಿ) ಇಲ್ಲದ ಬಾವಿಗೂ ವ್ಯತ್ಯಾಸವೇ ಕಾಣಲಿಲ್ಲ.

ತೊಡಕು ರೂಢಿಯ ವಿಧಾನದಲ್ಲೇ ಇತ್ತು. ಮಾನೊಸೈಟ್ ಬಲಿಯಲೆಂದು ಮಿಲಿಲೀಟರಿಗೆ ಸುಮಾರು 50 ನ್ಯಾನೊಗ್ರಾಂ ಸಿಎಸ್‌ಎಫ್-1 ಎಂಬ ಬೆಳವಣಿಗೆಯ ಪ್ರೊಟೀನ್ ಕೊಡುತ್ತೇವೆ. ಗಡ್ಡೆ ಸುರಿಸುವುದೂ ಅದೇ ಸಿಎಸ್‌ಎಫ್-1. ಗದ್ದಲದಲ್ಲಿ ಪಿಸುಮಾತು ಕೇಳುವುದೆಂತು? ಆರೇಳು ದಿನ ಬೆಳೆಸಿ, ಚೆನ್ನಾಗಿ ತೊಳೆದು, ಕೆಲವು ಗಂಟೆ ಬರಿಯ ಮೀಡಿಯಂನಲ್ಲಿ ಬಿಟ್ಟು, ಅನಂತರವೇ 0.4 ಮೈಕ್ರಾನ್ ರಂಧ್ರಗಳ ತಳವಿರುವ ಪುಟ್ಟ ಬಟ್ಟಲಾದ ಇನ್ಸರ್ಟ್‌ನಲ್ಲಿ 231 ಕೋಶಗಳನ್ನು ಇಳಿಸಿದೆ. ಎಷ್ಟು ಗಂಟೆ, ಕೋಶಗಳ ಅನುಪಾತ ಎಷ್ಟು ಎಂಬುದು ಪ್ರಬಂಧ ಅಚ್ಚಾಗುವವರೆಗೆ ನನ್ನಲ್ಲೇ ಇರಲಿ.

ಮೂರು-ನಾಲ್ಕು ದಿನಗಳಲ್ಲಿ ಒಂಟಿ ಮ್ಯಾಕ್ರೊಫೇಜ್‌ಗಳು ಸೊರಗಿ, ದುಂಡಗಾಗಿ, ತಳ ಬಿಟ್ಟು ತೇಲತೊಡಗಿದವು. ಗಡ್ಡೆಯ ಜೊತೆಗಿದ್ದವು ಉದ್ದುದ್ದ ಚಾಚಿಕೊಂಡು ತಳಕ್ಕೆ ಗಟ್ಟಿಯಾಗಿ ಅಂಟಿದ್ದವು. ಸಿಡಿ206 ಮತ್ತು ಅದೇ ಬಗೆಯ ಇನ್ನೊಂದು ಗುರುತಾದ ಸಿಡಿ163 ಎರಡೂ ಹೆಚ್ಚುಕಡಿಮೆ ಮೂರು ಪಟ್ಟು ಏರಿದ್ದವು. ದಾನಿ ಬದಲಾದರೂ ಚಿತ್ರ ಬದಲಾಗಲಿಲ್ಲ. ಮೀಡಿಯಂ ಸಾಕು ಎಂದಿದ್ದವರೇ ಈಗ ನನ್ನ ತಟ್ಟೆಗಳನ್ನು ನೋಡಿ ವಿಧಾನ ಬರೆದುಕೊಳ್ಳುತ್ತಿದ್ದಾರೆ.

ಒಂದು ಎಚ್ಚರಿಕೆ: ಮೀಡಿಯಂಗೆ ಬೆರೆಸುವ ಸೀರಂನಲ್ಲಿ ದನದ ಎಕ್ಸೊಸೋಮ್‌ಗಳೂ (ಕೋಶಗಳು ಹೊರಬಿಡುವ ಸೂಕ್ಷ್ಮ ಚೀಲಗಳು) ಇರುತ್ತವೆ, 0.4 ಮೈಕ್ರಾನ್ ರಂಧ್ರ ಅವುಗಳನ್ನು ತಡೆಯುವುದಿಲ್ಲ. ಅವನ್ನು ತೆಗೆಯಲು ಸೆಂಟ್ರಿಫ್ಯೂಜ್‌ನಲ್ಲಿ 1,00,000 ಜಿ ಬಲದಲ್ಲಿ ರಾತ್ರಿಯಿಡೀ ತಿರುಗಿಸಿದ ಸೀರಂ ಅನ್ನೇ ಬಳಸಿ.

ನಡುವೆ ಕುತೂಹಲಕ್ಕೆಂದು, ಮ್ಯಾಕ್ರೊಫೇಜ್ ಇಲ್ಲದ ಬಾವಿಗೂ ಸಿಎಸ್‌ಎಫ್-1 ಗ್ರಾಹಕವನ್ನು (ಕೋಶದ ಮೇಲೆ ಆ ಸಂಕೇತ ಹಿಡಿಯುವ ಪ್ರೊಟೀನ್) ತಡೆಯುವ ಔಷಧ ಹಾಕಿದೆ. 231 ಕೋಶಗಳ ನುಗ್ಗುವಿಕೆ ಅಲ್ಲಿಯೂ ತಗ್ಗಿತು! ಆ ಗ್ರಾಹಕ ಗಡ್ಡೆಯ ಕೋಶಗಳಲ್ಲೂ ಇರಬಲ್ಲದು. ಅವು ತಮ್ಮ ಮಾತನ್ನು ತಾವೂ ಕೇಳಿಸಿಕೊಳ್ಳುತ್ತವೆ. ಆ ಕಂಟ್ರೋಲ್ ಇಲ್ಲದೆ ಇಡೀ ಪರಿಣಾಮವನ್ನು ಮ್ಯಾಕ್ರೊಫೇಜ್ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಈಗ ಇನ್ನೊಂದು ರೋಗನಿರೋಧಕ ಕೋಶವಾದ ಟಿ ಕೋಶಗಳನ್ನೂ ಸೇರಿಸುತ್ತಿದ್ದೇನೆ. ಅವು ಸುರಿಸುವ ಇಂಟರ್‌ಫೆರಾನ್-ಗಾಮಾ ಎಂಬ ಸಂಕೇತ ಪ್ರೊಟೀನ್, ಟಿ ಕೋಶಗಳನ್ನು ತಡೆಯುವ ಗಡ್ಡೆಯ ಪಿಡಿ-ಎಲ್1 ಪ್ರೊಟೀನಿನ ಮಟ್ಟವನ್ನು ಏರಿಸುವುದರಿಂದ, ಅಳೆಯುವ ಹೊತ್ತನ್ನು ಹೊಸದಾಗಿ ಗೊತ್ತುಮಾಡಬೇಕಾಗಿದೆ.