ಚಿಲ್ಲಿ ಕೋರಲ್‌ಗೆ ನೀರಿನ ಹರಿವು: ನನ್ನ ಅನುಭವ

ಬೆಳಕಿನಿಂದ ಆಹಾರ ಮಾಡಿಕೊಳ್ಳದ ಹವಳ ಮನೆ ಟ್ಯಾಂಕಿನಲ್ಲಿ ಮೂರು ತಿಂಗಳು ದಾಟುವುದಿಲ್ಲ ಎಂದವರೇ ಹೆಚ್ಚು. ಅಂಥದ್ದೇ ಒಂದು ಮೆತ್ತನೆ ಹವಳವಾದ ನನ್ನ ಚಿಲ್ಲಿ ಕೋರಲ್‌ಗೆ ಈಗ ಹದಿನಾಲ್ಕು ತಿಂಗಳು, ಹೊಸದಾಗಿ ಎರಡು ಬೆರಳು ಮೂಡಿವೆ. ಸನ್ ಕೋರಲ್, ಸೀ ಫ್ಯಾನ್ ತಂಟೆಗೆ ಹೋಗಿಲ್ಲ. ಸನ್ ಕೋರಲ್‌ನಂಥ ಗಟ್ಟಿ ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಎಲ್ಲವೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ.

ಟ್ಯಾಂಕ್ ಮೂರು ಅಡಿ, ಸುಮಾರು 200 ಲೀಟರ್. ಮೊದಲು ಎರಡು ವೇವ್‌ಮೇಕರ್ (ನೀರನ್ನು ಅಲೆಯಂತೆ ತಳ್ಳುವ ಪಂಪ್) ಎದುರುಬದುರು ಹಾಕಿದ್ದೆ. ನೀರು ಸುಳಿ ಸುತ್ತುತ್ತಿತ್ತು, ಪಂಪಿನ ಕಡೆಯ ಪಾಲಿಪ್ (ಆಹಾರ ಹಿಡಿಯುವ ಹೂವಿನಂಥ ಪುಟ್ಟ ಜೀವಿ) ಅರಳಲೇ ಇಲ್ಲ, ಕಲ್ಲಿನ ಮರೆಯಲ್ಲಿ ಆಹಾರ ಕೂತು ಬುಡ ಕೊಳೆಯಿತು. ಎರಡು ಕಾಲೊನಿ (ಹವಳದ ಗಿಡ) ಹೋದವು, ಪಂಪೂ ಸೇರಿ ಹದಿನೈದು ಸಾವಿರದ ಹತ್ತಿರ ನಷ್ಟ.

ಕೊನೆಗೆ ಕೈಹಿಡಿದದ್ದು ಒಂದು ಅಕ್ರಿಲಿಕ್ ಗೋಡೆ. ಹಿಂದಿನ ಗಾಜಿನಿಂದ 15 ಸೆಂ.ಮೀ. ಬಿಟ್ಟು, 60 ಸೆಂ.ಮೀ. ಉದ್ದದ ಹಾಳೆ ನಿಲ್ಲಿಸಿದೆ. ಎರಡೂ ತುದಿಯಲ್ಲಿ 15 ಸೆಂ.ಮೀ. ದಾರಿ. ಗೋಡೆಯ ಹಿಂದೆ ಎರಡು ತುದಿಗೂ ಒಂದೊಂದು ಅಗಲ ಬಾಯಿಯ ಪ್ರೊಪೆಲ್ಲರ್ ಪಂಪ್. ಒಂದು ಓಡುವಾಗ ಇನ್ನೊಂದು ಸುಮ್ಮನಿರುತ್ತದೆ. ನೀರು ಗೋಡೆ ಸುತ್ತಿ ಒಂದೇ ಸಮ ಹರಿಯುತ್ತದೆ. ಆರು ಗಂಟೆಗೊಮ್ಮೆ ದಿಕ್ಕು ಬದಲು. ಪಂಪುಗಳನ್ನು ಹೊತ್ತಿಗೆ ಸರಿಯಾಗಿ ಬದಲಿಸುವ ಟೈಮರ್ ರಿಲೇ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಕ್ಕಿತು. ದಿಕ್ಕು ಬದಲಾದಾಗ ಪಂಪಿನ ವೇಗವನ್ನು ನಿಧಾನವಾಗಿ ಏರಿಸಿ, ಹತ್ತು ನಿಮಿಷ ಹಿಡಿಯಲಿ.

ಅಳೆಯಲು ಮೀಟರ್ ಬೇಕಿಲ್ಲ. ನೀರಿಗೆ ಒಂದು ತುಣುಕು ಆಹಾರ ಬಿಟ್ಟು, ಹವಳದ ಮುಂದೆ 30 ಸೆಂ.ಮೀ. ದಾಟಲು ಎಷ್ಟು ಸೆಕೆಂಡ್ ಎಂದು ನೋಡಿ. ಎರಡರಿಂದ ಮೂರು ಆದರೆ ಸರಿ. ಅದಕ್ಕಿಂತ ಜೋರಾದರೆ ಪಾಲಿಪ್ ಬಾಗಿ ಹಿಡಿಯಲಾರದು, ನಿಧಾನವಾದರೆ ಅದರ ಕೈಗೆ ಆಹಾರ ಬರುವುದೇ ಕಡಿಮೆ. ಹವಳವನ್ನು ಕಲ್ಲಿನ ಚಾಚಿನ ಕೆಳಗೆ ತಲೆಕೆಳಗಾಗಿ ಅಂಟಿಸಿದ್ದೇನೆ. ಕಸ ಕೂರುವುದಿಲ್ಲ, ಪಾಚಿ ಹಿಡಿಯುವುದಿಲ್ಲ.

ಆಹಾರ ಹಾಕುವಾಗ ಪಂಪ್ ನಿಲ್ಲಿಸಬೇಡಿ. ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ ಮಾತ್ರ ಒಂದೆರಡು ಗಂಟೆ ಆಫ್. ರೋಟಿಫರ್, ಫ್ರೋಜನ್ ಕೋಪಿಪಾಡ್ (ಎರಡೂ ಸೂಕ್ಷ್ಮ ಜಲಜೀವಿಗಳು), ಫೈಟೋ (ತೇಲುವ ಸೂಕ್ಷ್ಮ ಪಾಚಿ) ದಿನಕ್ಕೆ ಏಳೆಂಟು ಸಲ ಸ್ವಲ್ಪ ಸ್ವಲ್ಪ ಕೊಡುತ್ತೇನೆ. ಮಿಶ್ರಣದ ಅಳತೆ ಸದ್ಯಕ್ಕೆ ನನ್ನಲ್ಲೇ ಇರಲಿ. ವಾರಕ್ಕೆ 40 ಲೀಟರ್ ನೀರು ಬದಲಿಸದಿದ್ದರೆ ಉಳಿದ ಆಹಾರ ಕೊಳೆತು ನೈಟ್ರೇಟ್ ಎಂಬ ಕಲ್ಮಷ ಏರುತ್ತದೆ. ಸಮುದ್ರದ ನೀರಿನಂತೆ ಮಾಡಲು ಬೆರೆಸುವ ಉಪ್ಪಿಗೇ ತಿಂಗಳಿಗೆ ಎರಡೂವರೆ ಸಾವಿರ.

ಇದೇ ಟ್ಯಾಂಕಿನಲ್ಲಿ ಬೆಳಕಿನಿಂದ ಆಹಾರ ಮಾಡಿಕೊಳ್ಳದ ಇನ್ನೊಂದು ಮೆತ್ತನೆ ಹವಳ, ಕಾರ್ನೇಷನ್ ಕೋರಲ್ ಕೂಡ ಪ್ರಯತ್ನಿಸಿದೆ. ಹರಿವು ಒಪ್ಪಿತು, ನೀರು ತುಂಬಿಕೊಂಡು ನೆಟ್ಟಗೆ ನಿಂತಿತು, ಆದರೆ ನಾಲ್ಕು ತಿಂಗಳಲ್ಲಿ ಕುಗ್ಗುತ್ತಾ ಬಂತು. ಅದಕ್ಕೆ ಸಣ್ಣ ಫೈಟೋ ಬಿಡುವಿಲ್ಲದೆ ಸಿಗಬೇಕು. ಸ್ವಲ್ಪ ಸ್ವಲ್ಪವೇ ಆಹಾರ ಬಿಡುವ ಡೋಸರ್ ಪಂಪ್ ಹಾಕಿ ಮತ್ತೆ ನೋಡುವವನಿದ್ದೇನೆ.

ಪಂಪನ್ನು ತಿಂಗಳಿಗೊಮ್ಮೆ ಬಿಚ್ಚಿ ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿ. ಇಂಥ ಟ್ಯಾಂಕಿನಲ್ಲಿ ಸ್ಪಂಜು ಬೇಗ ಬೆಳೆದು ರೆಕ್ಕೆಗೆ ಮೆತ್ತಿಕೊಳ್ಳುತ್ತದೆ, ಹರಿವು ಮೂರರಲ್ಲೊಂದು ಪಾಲು ಇಳಿದರೂ ಕಣ್ಣಿಗೆ ತಿಳಿಯುವುದಿಲ್ಲ. ಡಿಸಿ (ಏಕಮುಖ ವಿದ್ಯುತ್ತಿನ) ಪಂಪುಗಳನ್ನೇ ಕೊಂಡು ಯುಪಿಎಸ್‌ಗೆ ಜೋಡಿಸಿ. ಬೇಸಿಗೆಯಲ್ಲಿ ಎರಡು ಗಂಟೆ ಕರೆಂಟ್ ಹೋದರೂ ನೀರು ಓಡುತ್ತಿರಬೇಕು.