ಕಿತ್ತಳೆ ಜೊತೆ ಸೋಪೂ ಇರಲಿ

ಕೊಡಗಿನಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ನೋಡಲು ಕಿತ್ತಳೆ ಹಿಡಿದು ಒಂದು ಜೀಪು ತುಂಬ ಜನ ಹೊರಡುತ್ತಾರೆ. ಪ್ರೀತಿಯೇನೋ ಸರಿ. ಆದರೆ ವಾರ್ಡಿನಲ್ಲಿ ರೋಗಾಣುಗಳು ಜಾಸ್ತಿ ಓಡಾಡುವುದು ಕೈಗಳ ಮೂಲಕ. ಹಾಗಾಗಿ ರೋಗಿಯ ಜೊತೆ ಒಬ್ಬರೇ ಇರಿ. ನೆಗಡಿ, ಜ್ವರ, ಭೇದಿ ಇರುವವರು ಫೋನ್ ಮಾಡಿ ವಿಚಾರಿಸಿದರೆ ಸಾಕು. ಹೋದವರು ಹಾಸಿಗೆ ಮೇಲೆ ಕೂರಬೇಡಿ.

ಮೊದಲ ಕೆಲಸ ಕೈ ತೊಳೆಯುವುದು. ಸೋಪು ನೀರಾದರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್. ಹೆಬ್ಬೆರಳು, ಬೆರಳ ಸಂದಿ, ಉಗುರ ತುದಿ ಮರೆಯಬೇಡಿ. ರೋಗಿಯನ್ನು ಮುಟ್ಟುವ ಮೊದಲೂ ತೊಳೆಯಿರಿ, ಮುಟ್ಟಿದ ಮೇಲೂ ತೊಳೆಯಿರಿ. ಮಂಚದ ಕಂಬಿ ಹಿಡಿದರೂ ಅಷ್ಟೇ. ಭೇದಿ ಇರುವ ರೋಗಿಯಾದರೆ ಸೋಪೇ ಬೇಕು, ಸ್ಯಾನಿಟೈಸರ್ ಸಾಲದು. ‘ಸಿಸ್ಟರ್, ಕೈ ತೊಳೆದ್ರಾ?’ ಎಂದು ಕೇಳಲು ಸಂಕೋಚ ಬೇಡ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಎಲ್ಲರೂ ಕ್ಲೋರಿನ್ ನೀರಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದರು. ಬಾಣಂತಿಯರ ಸಾವು ಬಹಳ ಇಳಿಯಿತು. ಆದರೂ ಎಷ್ಟೋ ಡಾಕ್ಟರುಗಳು ಅವರ ಮಾತು ಒಪ್ಪಲಿಲ್ಲ!

ಆಮೇಲೆ ಟ್ಯೂಬುಗಳ ಕಡೆ ನೋಡಿ. ನನ್ನ ಪ್ರಕಾರ ಮನೆಯವರು ಗಮನವೇ ಕೊಡದ ಜಾಗ ಇದು. ಡ್ರಿಪ್ ಸೂಜಿ, ಮೂತ್ರದ ಟ್ಯೂಬು ಇರುವಷ್ಟು ದಿನವೂ ರೋಗಾಣುವಿಗೆ ಒಳಹೋಗಲು ದಾರಿ ಇದ್ದೇ ಇರುತ್ತದೆ. ಬೆಳಿಗ್ಗೆ ಡಾಕ್ಟರು ರೌಂಡ್ಸ್‌ಗೆ ಬಂದಾಗ ‘ಇದು ಇವತ್ತೂ ಬೇಕಾ ಸಾರ್?’ ಎಂದು ಕೇಳಿ. ಸೂಜಿ ಹಾಕಿದ ಜಾಗ ಕೆಂಪಾದರೆ, ಊದಿದರೆ, ನೋವಾದರೆ ಕೂಡಲೇ ಹೇಳಿ. ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲ ಮುಟ್ಟಬಾರದು. ಸ್ಟ್ರೆಚರ್‌ನಲ್ಲಿ ಸ್ಕ್ಯಾನಿಂಗ್‌ಗೆ ಒಯ್ಯುವಾಗ ಅದನ್ನು ರೋಗಿಯ ಹೊಟ್ಟೆ ಮೇಲಿಡುವುದುಂಟು. ಹಾಗೆ ಮಾಡಿದರೆ ಮೂತ್ರ ವಾಪಸ್ ಒಳಗೆ ಹರಿಯುತ್ತದೆ.

ಆಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾ ವಿರುದ್ಧದ ಔಷಧಿ, ಬರೆದುಕೊಟ್ಟರೆ ಎರಡೇ ಪ್ರಶ್ನೆ: ಯಾವ ಸೋಂಕಿಗೆ, ಎಷ್ಟು ದಿನ? ಯಾವ ರೋಗಾಣು, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ನೋಡುವ ಕಲ್ಚರ್ ಟೆಸ್ಟಿಗೆ ರಕ್ತ, ಮೂತ್ರ ಕಳಿಸಿದ್ದರೆ ರಿಪೋರ್ಟ್ ಬರಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಬಂದ ಮೇಲೆ ಔಷಧಿ ಬದಲಿಸಬೇಕಾ, ನಿಲ್ಲಿಸಬಹುದಾ ಎಂದು ವಿಚಾರಿಸಿ.

ಮನೆಗೆ ಬಂದ ಮೇಲೂ ಎಚ್ಚರ ಬೇಕು. ಮಳೆಗಾಲದಲ್ಲಿ ಮನೆ ಮನೆಯಲ್ಲೂ ನೆಗಡಿ, ಕೆಮ್ಮು. ಹೆಚ್ಚಿನವು ವೈರಸ್‌ನಿಂದ ಬರುವಂಥವು. ಆಂಟಿಬಯೋಟಿಕ್ ವೈರಸ್ಸನ್ನು ಏನೂ ಮಾಡಲಾರದು. ಕಫ ಹಸಿರಾದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕೆಂದಲ್ಲ. ಸುಮ್ನೆ ನುಂಗಿದರೆ ದೇಹದಲ್ಲಿರುವ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದಂತಾಗುತ್ತವೆ. ಮುಂದೆ ನಿಜವಾಗಿ ಬೇಕಾದಾಗ ಅದು ಕೆಲಸಕ್ಕೆ ಬರುವುದಿಲ್ಲ. ಮಾತ್ರೆ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ತಗೋಬಾರದು ಎಂದರ್ಥ. ಉಳಿದ ಮಾತ್ರೆಯನ್ನು ಪಕ್ಕದ ಲೈನ್ ಮನೆಯವರಿಗೆ (ತೋಟದ ಕೆಲಸಗಾರರ ಸಾಲು ಮನೆ) ಕೊಡುವುದೂ ಬೇಡ. ನಮ್ಮ ಗಡಿ ಊರು ಕುಟ್ಟ ದಾಟಿದರೆ ಸಿಗುವ ಕೇರಳದಲ್ಲಿ 2024ರಿಂದ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ಬಿಗಿ ತಪಾಸಣೆ ನಡೆದಿದೆ.

ಹಾಗಂತ ಎಲ್ಲಾ ಜ್ವರಕ್ಕೂ ಕಷಾಯ ಕುಡಿದು ಕೂರುವ ಹಾಗಿಲ್ಲ. ಗದ್ದೆ ಕೆಸರಲ್ಲಿ ನಿಂತು ಕೆಲಸ ಮಾಡಿದವರಿಗೆ ಜ್ವರ ಬಂದು, ಮೀನಖಂಡ ನೋಯುತ್ತಾ ಕಣ್ಣು ಕೆಂಪಾದರೆ ಅದು ಇಲಿ ಜ್ವರ ಇರಬಹುದು. ಅದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಅಲ್ಲಿ ಆಂಟಿಬಯೋಟಿಕ್ ಬೇಗ ಶುರುವಾದಷ್ಟೂ ಒಳ್ಳೆಯದು. ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಗದ್ದೆಗೆ ಇಳಿದಿದ್ದನ್ನು ಅವರು ಕೇಳುವ ಮೊದಲೇ ಹೇಳಿ.