ಕಾಂಕಾಲ್‌ಗೆ ಎರಡನೇ ಸಲ ಹೋಗುವವರಿಗೆ

ಟೆಂಟ್ ಕಟ್ಟಿಕೊಂಡು ಫ್ರಾನ್ಸ್ ಸುತ್ತುವವರು ಬ್ರಿಟನಿ ಪ್ರಾಂತ್ಯದ ಕಡಲೂರು ಕಾಂಕಾಲ್‌ಗೆ ಮತ್ತೆ ಹೋಗುವುದಾದರೆ, ಮೊದಲು ಉಬ್ಬರ-ಇಳಿತದ ವೇಳೆ ನೋಡಿ, ಆಮೇಲೆ ಕ್ಯಾಂಪಿಂಗ್ ಜಾಗ ಬುಕ್ ಮಾಡಿ. ದೊಡ್ಡ ಉಬ್ಬರದ ದಿನಗಳಲ್ಲಿ ಅಲ್ಲಿನ ಕೊಲ್ಲಿಯ ನೀರು 13-14 ಮೀಟರ್‌ವರೆಗೆ ಏರಿಳಿಯುತ್ತದೆ. ಮೊದಲ ಸಲ ನಾವು ಬರೀ ನೀರು ನೋಡಿ ಬಂದಿದ್ದೆವು. ಈ ಸಲ ಇಳಿತದ ಹೊತ್ತಿಗೆ ಹೋದೆವು, ಅಷ್ಟುದ್ದಕ್ಕೂ ಸಾಲುಸಾಲು ಆಯ್‌ಸ್ಟರ್ (ತಿನ್ನುವ ಸಿಂಪಿ) ತೋಟ, ಕೆಸರಲ್ಲಿ ಟ್ರ್ಯಾಕ್ಟರ್ ಓಡಾಟ!

ಬಂದರಿನ ತುದಿಯ ಅಂಗಡಿಗಳಲ್ಲಿ ಡಜನ್ ಕೊಂಡರೆ ಅಲ್ಲೇ ಚಿಪ್ಪು ಬಿಡಿಸಿ, ನಿಂಬೆಹಣ್ಣಿನ ಜೊತೆ ಕೊಡುತ್ತಾರೆ. ತಿಂದ ಚಿಪ್ಪನ್ನು ದಡಕ್ಕೇ ಎಸೆಯುವುದು ಅಲ್ಲಿನ ರೂಢಿ, ಬೈಯುತ್ತಾರೆ ಅಂತ ಹೆದರಬೇಡಿ. ನಾನಂತೂ ತಿನ್ನಲ್ಲ, ಸುಮ್ನೆ ಕೂತು ದೂರದ ಮಾಂ ಸಾಂ ಮಿಶೆಲ್ ಎಂಬ ಮಠದ ದ್ವೀಪ ನೋಡಿದೆ, ಆಕಾಶ ತಿಳಿಯಾಗಿದ್ದರೆ ಕಾಣುತ್ತದೆ. ಟೆಂಟಿನ ಗೂಟ ಮಾತ್ರ ಉದ್ದದ್ದು ಒಯ್ಯಿರಿ, ರಾತ್ರಿ ಗಾಳಿ ಜಾಸ್ತಿ.